ಬಿರುಗಾಳಿಯ ಒಡತಿ ದಳಪತಿಯಾದುದು

ನಮ್ಮ ಹಟ್ಟಿಕೇರಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮಕ್ಕಳಿಗೆ ಮನೆಯೇ ಸೆರೆಮನೆ. ಕಳೆದ ಮಳೆಗಾಲದಲ್ಲಿ ಮುಂಬಯಿಯಿಂದ ಬಂದ ತಂಗಿಯ ಮಗನು ಒಂದು ತಗಡಿನ ಪೆಟ್ಟಿಗೆಯನ್ನು ಹೊತ್ತು ತಂದಿದ್ದನು. ಬಟ್ಟೆಬರೆಗಳಿರಬಹುದೆಂದು ನಾವು ತಿಳಿದಿದ್ದೆವು. ಇದ್ದುವು ಅಮೇರಿಕೆಯ ಹಳೆಯ ಚಿತ್ರಕಥಾಪುಸ್ತಕಗಳು, ಒಂದೊಂದೂ ಪಾರದರ್ಶಕವಾದ ಚೀಲದೊಳಗೆ. "ಮಾವಾ, ಒದ್ದೆ ಕೈಯಿಂದ ಮುಟ್ಟಬೇಡಿ" ಎಂದು ನನಗೇ ತಾಕೀತಾಯಿತು!

ನನ್ನ ಹತ್ತು ವರ್ಷದ ಮೊಮ್ಮಗಳು ಆ ಹೊತ್ತು ಮುನಿಸಿನಲ್ಲಿದ್ದಳು. ಜಗಲಿಯ ಆಟದಲ್ಲಿ ಹುಡುಗರು ಅವಳನ್ನು ಪಡೆಯ ಮುಂದಾಳಾಗಲು ಬಿಟ್ಟಿರಲಿಲ್ಲ. ಒಂದು ಹೊದಿಕೆಯ ಚಿತ್ರವನ್ನು ಕಂಡು ಅವಳು, "ಇವಳು ಯಾರು? ಎಲ್ಲರಿಗಿಂತ ಮುಂದೆ ನಿಂತಿದ್ದಾಳಲ್ಲ?" ಎಂದು ಕೇಳಿದಳು.

ಬಿಳಿಗೂದಲಿನ ಆ ಕಪ್ಪು ಸುಂದರಿಯ ಹೆಸರು ಸ್ಟಾರ್ಮ್, ಎಂದರೆ ಬಿರುಗಾಳಿ. ಹುಟ್ಟುಹೆಸರು ಓರೋರೋ ಮನ್ರೋ. ೧೯೭೫ರಲ್ಲಿ ಲೆನ್ ವೀನ್ ಎಂಬ ಲೇಖಕನೂ ಡೇವ್ ಕಾಕ್ರಮ್ ಎಂಬ ಚಿತ್ರಕಾರನೂ ಕೂಡಿ ಮಾರ್ವೆಲ್ ಸಂಸ್ಥೆಯ 'ಜಯಂಟ್ ಸೈಜ್ ಎಕ್ಸ್-ಮೆನ್' ಎಂಬ ಪುಸ್ತಕದಲ್ಲಿ ಅವಳನ್ನು ಸೃಷ್ಟಿಸಿದರು. ಕಥೆಯಲ್ಲಿ ತಾಯಿ ಕೆನ್ಯಾದವಳು, ತಂದೆ ಅಮೇರಿಕೆಯ ಛಾಯಾಚಿತ್ರಕಾರ. ಕೈರೋ ನಗರದಲ್ಲಿ ವಿಮಾನವೊಂದು ಮನೆಯ ಮೇಲೆ ಬಿದ್ದು ಇಬ್ಬರೂ ಮಡಿದರು. ಕೂಸು ಕಲ್ಲುಮಣ್ಣಿನಡಿಯಲ್ಲಿ ತಾಯಿಯ ಶವದ ಬಳಿ ಸಿಕ್ಕಿಕೊಂಡಿತು. ಅಂದಿನಿಂದ ಇಕ್ಕಟ್ಟಾದ ಸ್ಥಳವೆಂದರೆ ಅವಳಿಗೆ ಪ್ರಾಣಭಯ. ಬೀದಿಯಲ್ಲಿ ಕಳ್ಳತನ ಕಲಿತು ಬೆಳೆದವಳು ಮುಂದೆ ಆಫ್ರಿಕದ ಬಯಲಿನಲ್ಲಿ ಮಳೆ ಕರೆವ ದೇವಿಯೆಂದು ಪೂಜೆಗೊಂಡಳು. ಸಿಡಿಲನ್ನು ಆಳುವವಳು ಕಿರುಕೋಣೆಗೆ ಹೆದರುವಳು! ಈ ಕುಂದೇ ಆ ಪಾತ್ರಕ್ಕೆ ಜೀವ ಕೊಟ್ಟಿತೆಂದು ನನ್ನ ಎಣಿಕೆ.

ದಳದ ನಾಯಕನಾದ ಸೈಕ್ಲಾಪ್ಸನು ಪ್ರಿಯೆಯ ಮರಣದಿಂದ ಮನಮುರಿದು ೧೯೮೦ರಲ್ಲಿ ಹೊರಟುಹೋಗಲು, ಮುಂದಾಳುತನವು ಇವಳ ಪಾಲಿಗೆ ಬಂದಿತು. ೧೯೮೩ರಲ್ಲಿ, ಅವಳು ಯಾವುದಕ್ಕೆ ಅಂಜುತ್ತಿದ್ದಳೋ ಆ ನೆಲದಡಿಯ ಸುರಂಗಗಳಲ್ಲಿಯೇ, ಕ್ಯಾಲಿಸ್ಟೋ ಎಂಬವಳೊಡನೆ ಚೂರಿಯ ಕಾಳಗ ಮಾಡಿ ಗೆದ್ದಳು. ಮರುವರ್ಷ ಬೇರೊಬ್ಬಳಿಗೆ ಗುರಿಯಿಟ್ಟ ಆಯುಧದ ಏಟು ತಗಲಿ ಅವಳ ಶಕ್ತಿಯೆಲ್ಲ ನಷ್ಟವಾಯಿತು. ೧೯೮೬ರ ಜನವರಿಯ ೨೦೧ನೆಯ ಸಂಚಿಕೆಯಲ್ಲಿ ನಾಯಕಪದವಿಗಾಗಿ ಅವಳಿಗೂ ಸೈಕ್ಲಾಪ್ಸನಿಗೂ ಸ್ಪರ್ಧೆ ನಡೆಯಿತು. ಅವನ ಕಣ್ಣಿನಿಂದ ಗೋಡೆ ಸೀಳುವ ಕಿರಣ ಹೊರಡುವುದು. ಇವಳ ಬಳಿ ಬರಿಯ ಕೈ. ಆದರೂ ಗೆದ್ದವಳು ಇವಳೇ. ಈ ಏರಿಳಿತಗಳನ್ನೆಲ್ಲ ಬರೆದವನು ಕ್ರಿಸ್ ಕ್ಲೇರ್‌ಮಾಂಟ್. ೧೯೭೫ರಿಂದ ೧೯೯೧ರ ವರೆಗೆ ಅವನು ಆ ದಳವನ್ನು ಬಿಡಲಿಲ್ಲ.

ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆಯೂ ಸ್ತ್ರೀಸೈನ್ಯದ ಒಡತಿಯಷ್ಟೆ. ಆದರೆ ಅವಳು ಅರ್ಜುನನ ಕುದುರೆಯನ್ನು ಕಟ್ಟಿದ ಕಥೆ ಮದುವೆಯಲ್ಲಿ ಮುಗಿಯುವುದು. ಇವಳ ಸ್ಪರ್ಧೆ ಪದವಿಯಲ್ಲಿ ಮುಗಿಯಿತು.

ಇನ್ನು ಸಂಗ್ರಾಹಕರ ಮಾತು. ೧೯೭೫ರ ಆ ಪುಸ್ತಕದ ಬೆಲೆ ೫೦ ಸೆಂಟು ಮಾತ್ರ; ಇಂದು ಸುಸ್ಥಿತಿಯ ಪ್ರತಿಗೆ ಸಾವಿರಾರು ಡಾಲರು ಕೊಡುವರು. ೨೦೦೦ದಲ್ಲಿ ಹ್ಯಾಲಿ ಬೆರಿ ಎಂಬ ನಟಿಯು ಈ ಪಾತ್ರವನ್ನು ಚಲಚ್ಚಿತ್ರದಲ್ಲಿ ಅಭಿನಯಿಸಿದುದರಿಂದ ಪುಸ್ತಕ ಓದದವರಿಗೂ ಅವಳ ಪರಿಚಯವಾಯಿತು. ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುವುದು. ಉಳಿದುದನ್ನು ಎಲ್ಲ ದೇಶದ ತಾಯಂದಿರೂ ರದ್ದಿಗೆ ಹಾಕುವರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ 'ಅಮರ ಚಿತ್ರಕಥೆ'ಯ ಪುಸ್ತಕಗಳನ್ನು ನಾನು ಒಂದು ಗೋಣಿಯಷ್ಟು ಕೂಡಿಸಿದ್ದೆನು. ನಮ್ಮ ಅಮ್ಮ ಅವನ್ನು ತೂಕಕ್ಕೆ ಮಾರಿ ಸ್ಟೀಲಿನ ಡಬ್ಬಿ ಕೊಂಡಳು. ಡಬ್ಬಿ ಇನ್ನೂ ಇರುವುದು.

ಕಡಲ ಗಾಳಿಯ ನಮ್ಮ ಊರಲ್ಲಿ ಬೂಷ್ಟು, ಗೆದ್ದಲುಗಳ ಕಾಟ ಬೇರೆ. ಪುಸ್ತಕಗಳನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ಒಣಗಿದ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲಿಗೆ ಹರವಿದರೆ ಬಣ್ಣವೇ ಹೋಗುವುದು. ಅಮೇರಿಕೆಯಲ್ಲಿ ಪುಸ್ತಕದ ಸ್ಥಿತಿಗೆ ಹತ್ತರೊಳಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಮುದ್ರೆಯೊತ್ತುವ ಸಂಸ್ಥೆಗಳಿರುವುವು. ಹಾಗೆ ಮುಚ್ಚಿದುದನ್ನು ಓದುವಂತಿಲ್ಲ. ಅದೆಂತಹ ಪುಸ್ತಕವೋ ನನಗೆ ತಿಳಿಯದು.

ಮೊಮ್ಮಗಳು ೨೦೧ನೆಯ ಸಂಚಿಕೆಯನ್ನು ಓದಿಯೇ ತೀರುವೆನೆಂದು ಹಟ ಹಿಡಿದಳು. ಅಳಿಯನು ಬಹಳ ಹೊತ್ತು ಯೋಚಿಸಿ, ಪೆಟ್ಟಿಗೆಯ ತಳದಿಂದ ಹೊದಿಕೆ ಹರಿದ ಇನ್ನೊಂದು ಪ್ರತಿಯನ್ನು ತೆಗೆದು ಅವಳಿಗೆ ಕೊಟ್ಟನು. ಇಂಗ್ಲಿಷು ಅರ್ಧಂಬರ್ಧ ತಿಳಿದರೂ ಅವಳು ಅದನ್ನು ಸಂಜೆಯೊಳಗೆ ಎರಡು ಸಲ ಓದಿದಳು. ಮರುದಿನ ಜಗಲಿಯಲ್ಲಿ ಮತ್ತೆ ಜಗಳವಾಯಿತು. ಹುಡುಗರು ಸೋತರೆಂದು ಅವಳೂ, ಸೋಲಲಿಲ್ಲವೆಂದು ಅವರೂ ಇಂದಿಗೂ ಹೇಳುತ್ತಿರುವರು.