ಕಾಳ್ಗಿಚ್ಚಿಗೆ ವಿಮಾನವೇ ಮದ್ದೆ?

2023ನೆಯ ಫೆಬ್ರವರಿ 27ರಂದು ಸೋಗಾನೆಯಲ್ಲಿ ಉದ್ಘಾಟಿತವಾದ ವಿಮಾನನಿಲ್ದಾಣದ ಓಡುದಾರಿಯು 3,200 ಮೀಟರು ಉದ್ದವುಳ್ಳದ್ದು. ಭಾರಿ ವಿಮಾನಗಳೂ ಅಲ್ಲಿ ಇಳಿಯಬಲ್ಲವು. ಇದನ್ನು ಕಂಡ ಶಿವಮೊಗ್ಗೆಯ ಮಹನೀಯರಲ್ಲಿ ಕೆಲವರಿಗೆ ಒಂದು ಆಲೋಚನೆಯು ಹೊಳೆದರೆ ಆಶ್ಚರ್ಯವಿಲ್ಲ. ಅಮೆರಿಕದವರಂತೆ ನಾವೂ ಒಂದು ಬೃಹತ್ ಅಗ್ನಿಶಾಮಕ ವಿಮಾನವನ್ನು ಇಲ್ಲಿ ಸಿದ್ಧವಾಗಿರಿಸಿ, ಶೆಟ್ಟಿಹಳ್ಳಿ ಮತ್ತು ಭದ್ರಾ ಅರಣ್ಯಗಳ ಕಾಳ್ಗಿಚ್ಚನ್ನು ಆಕಾಶದಿಂದಲೇ ನಂದಿಸಬಾರದೇಕೆ? ಪ್ರಶ್ನೆಯು ಹಾಸ್ಯಾಸ್ಪದವಾದುದಲ್ಲ, ಉತ್ತರವನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು.

ಆ ದೇಶದಲ್ಲಿ ಹಿಂದೆ ಪ್ರಯಾಣಿಕರನ್ನು ಹೊರುತ್ತಿದ್ದ ಡಿಸಿ-10 ವಿಮಾನಗಳಿಗೆ ತೊಟ್ಟಿಗಳನ್ನು ಜೋಡಿಸಿ, ಒಂದು ಸಲಕ್ಕೆ 35,000 ಲೀಟರಿನಷ್ಟು ಕೆಂಪು ದ್ರಾವಣವನ್ನು ಸುರಿಸುತ್ತಾರೆ. ಅದರ ಮುಖ್ಯಾಂಶವು ನಮ್ಮ ರೈತರೂ ಬಲ್ಲ ಅಮೋನಿಯಂ ಫಾಸ್ಫೇಟ್ ಗೊಬ್ಬರವೇ. ಬಣ್ಣವು ಎಲ್ಲಿ ಬಿತ್ತೆಂದು ಚಾಲಕರಿಗೆ ಕಾಣಲೆಂದು ಬೆರೆಸಿದ್ದು. ಜನರು ಭಾವಿಸುವಂತೆ ಅದನ್ನು ಬೆಂಕಿಯ ನೆತ್ತಿಯ ಮೇಲೆ ಸುರಿಯುವ ವಾಡಿಕೆಯಿಲ್ಲ. ಉರಿಯು ಬರುವ ದಾರಿಯಲ್ಲಿ ಮುಂಚಿತವಾಗಿ ಪಟ್ಟೆಯೆಳೆದು, ಅದರ ವೇಗವನ್ನು ಕುಗ್ಗಿಸುವುದಷ್ಟೇ ಅದರ ಕೆಲಸ. ಅನಂತರ ನೆಲದ ಮೇಲಿನ ಆಳುಗಳು ಬಂದು ನಂದಿಸದೆ ಹೋದರೆ ಬೆಂಕಿಯು ಪಟ್ಟೆಯನ್ನು ದಾಟಲು ತಡವಿಲ್ಲ. ಮತ್ತು ಮೀನುಗಳಿಗೆ ವಿಷಪ್ರಾಯವಾದ್ದರಿಂದ ಜಲಾಶಯಗಳ ಬಳಿ ಸುರಿಯಬಾರದೆಂಬ ನಿಯಮವು ಅಲ್ಲಿಯೇ ಉಂಟು. ತುಂಗಾಭದ್ರೆಯರ ನೀರು ಕುಡಿಯುವ ನಾವು ಇದನ್ನು ಮರೆಯಕೂಡದು.

ಅಲ್ಲಿನ ಬೆಂಕಿಯು ಪೈನ್ ಮರಗಳ ನೆತ್ತಿಯಿಂದ ನೆತ್ತಿಗೆ ಹಾರತಕ್ಕದ್ದು. ನಮ್ಮದಾದರೋ ಫೆಬ್ರವರಿಯಿಂದ ತರಗೆಲೆ, ಒಣಹುಲ್ಲು, ಲಂಟಾನದ ಪೊದೆಗಳಲ್ಲಿ ಹರಿದಾಡುವ ನೆಲಗಿಚ್ಚು. ಹಚ್ಚುವವರೂ ಬಹುಮಟ್ಟಿಗೆ ಮನುಷ್ಯರೇ: ಬೀಡಿಯ ತುಂಡೆಸೆಯುವವನೊಬ್ಬ, ಎಳೆಹುಲ್ಲಿನಾಸೆಗೆ ಕಿಚ್ಚಿಡುವವನೊಬ್ಬ. ಕಾಡು ದಟ್ಟವಾಗಿರುವಲ್ಲಿ ಮೇಲಿನಿಂದ ಬಿದ್ದುದರಲ್ಲಿ ಬಹುಭಾಗವು ಕೊಂಬೆಗಳಲ್ಲಿಯೇ ತಂಗುವುದು.

2019ರಲ್ಲಿ ಬಂಡೀಪುರವು ಹೊತ್ತಿದಾಗ ಫೆಬ್ರವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಚೀಲಗಳಲ್ಲಿ ನೀರು ಹೊತ್ತು ಬಂದವು, ಉಪಕಾರವಾಯಿತು. ಆದರೆ ಬೆಂಕಿ ಬಿದ್ದು ಆಗಲೇ ಕೆಲವು ದಿನಗಳು ಕಳೆದಿದ್ದವು. ಆ ಅನಾಹುತದಲ್ಲಿ ಒಟ್ಟು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಕಾಡು ಕರಕಾಯಿತು. ನಮ್ಮ ಸೀಮೆಗೂ ಅಂತಹ ಗಳಿಗೆ ಬಂದರೆ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರೆತ್ತುವ ಹೆಲಿಕಾಪ್ಟರು ಸಾಕು; ಅದನ್ನು ಬೇಡುವ ಪತ್ರವು ಮೇಜಿನಿಂದ ಮೇಜಿಗೆ ತೆವಳಬಾರದು, ಅಷ್ಟೆ.

ಹಸಿಸೊಪ್ಪಿನ ಕೊಂಬೆಯನ್ನು ಹಿಡಿದು ಉರಿಯನ್ನು ಬಡಿಯುವ ಅರಣ್ಯರಕ್ಷಕನ ಸ್ಥಿತಿಯಾದರೂ ಏನು? 2017ರಲ್ಲಿ ಬಂಡೀಪುರದಲ್ಲಿ ಒಬ್ಬನು, 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬನು ಹೀಗೆಯೇ ಪ್ರಾಣ ತೆತ್ತರು. ವಿಮಾನದ ಚಿತ್ರವನ್ನು ನೋಡಿ ಬೆರಗಾಗುವ ನಾವು ಈ ಇಬ್ಬರನ್ನು ಎಷ್ಟು ದಿನ ನೆನೆದೆವು?

ಭದ್ರಾವತಿಯವರಿಗೆ ಬೆಂಕಿಯ ಸಂಗತಿ ಹೊಸದಲ್ಲ. 1923ರಲ್ಲಿ ಅಲ್ಲಿನ ಕಬ್ಬಿಣದ ಕುಲುಮೆಯು ಹೊತ್ತಿದ್ದು ಕಾಡಿನ ಸೌದೆಯಿಂದಾದ ಇದ್ದಲಿನಿಂದ. ಮುಂದೆ ಕಾಗದದ ಕಾರ್ಖಾನೆಗಾಗಿ ಅಕೇಶಿಯಾ, ನೀಲಗಿರಿ ತೋಪುಗಳೆದ್ದವು. ಕಾರ್ಖಾನೆಯ ಯಂತ್ರಗಳು ನಿಂತವು; ತೋಪುಗಳ ತರಗು ಉದುರುವುದು ಮಾತ್ರ ನಿಲ್ಲಲಿಲ್ಲ. ಬೆಂಕಿರೇಖೆಯನ್ನು ಮೊದಲು ಸವರಬೇಕಾದುದು ಇಲ್ಲಿ, ಜನವರಿಯೊಳಗಾಗಿ. ಬೇಸಿಗೆಗೆ ಮಾತ್ರ ಹಿಡಿಯುವ ಕಾವಲುಗಾರರಿಗೆ ದಪ್ಪ ಅಟ್ಟೆಯ ಬೂಟು, ಕುಡಿಯುವ ನೀರು, ತಿಂಗಳ ಕೊನೆಗೆ ತಪ್ಪದೆ ಕೂಲಿ, ಜೀವಕ್ಕೆ ವಿಮೆ ಇವಿಷ್ಟನ್ನು ಒದಗಿಸುವ ಹಣವು ಬೃಹದ್ವಿಮಾನವೊಂದರ ವೆಚ್ಚದಲ್ಲಿ ಎಷ್ಟನೆಯ ಪಾಲೆಂಬುದನ್ನು ಅರಣ್ಯ ಇಲಾಖೆಯವರು ಮುಂದಿನ ಆಯವ್ಯಯಕ್ಕೆ ಮುನ್ನ ಲೆಕ್ಕಹಾಕಿ ಪ್ರಕಟಿಸಲಿ.