ಕಾಫಿ ಕೊಯ್ಲಿನ ದಿನಗಳಲ್ಲಿ ರಾತ್ರಿಯ ಊಟ

ಡಿಸೆಂಬರಿನಿಂದ ಫೆಬ್ರವರಿಯವರೆಗೆ ವಯನಾಡಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲ. ಮಾನಂದವಾಡಿ, ಪನಮರಂ, ಕಲ್ಪೆಟ್ಟ, ಸುಲ್ತಾನ್ ಬತ್ತೇರಿಗಳ ಸುತ್ತ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈ ಮೂರು ತಿಂಗಳು ಕೈಕಾಲು ಗಟ್ಟಿಯಿರುವವರೆಲ್ಲ ತೋಟದಲ್ಲಿರುತ್ತಾರೆ. ತೋಟವುಳ್ಳವರು ಸ್ವಂತ ಕೆಲಸಕ್ಕೆ, ಇಲ್ಲದವರು ಕೂಲಿಗೆ. ಸಂಜೆ ಮಂಜು ಇಳಿಯುವ ಮೊದಲು ಕಣದಲ್ಲಿ ಹರಡಿದ ಹಣ್ಣನ್ನು ರಾಶಿಮಾಡಿ ಮುಚ್ಚಬೇಕು. ಹಸುವಿನ ಹಾಲು ಕರೆಯಬೇಕು. ಅದೇ ಹೊತ್ತಿಗೆ ಒಲೆಯನ್ನೂ ಹೊತ್ತಿಸಬೇಕು. ಈ ಮೂರು ಕೆಲಸಗಳೂ ಹೆಚ್ಚಾಗಿ ಒಬ್ಬಳೇ ಗೃಹಿಣಿಯ ಪಾಲಿಗೆ ಬರುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ.

ಇದರ ಪರಿಣಾಮವನ್ನು ಶಾಲೆಯಲ್ಲಿರುವ ನಾವು ಮರುದಿನ ಬೆಳಿಗ್ಗೆ ಕಾಣುತ್ತೇವೆ. ‘ನಿನ್ನೆ ರಾತ್ರಿ ಏನು ಉಂಡೆ?’ ಎಂದು ಮಕ್ಕಳನ್ನು ಕೇಳುವುದು ನಮ್ಮ ರೂಢಿ. ಮಳೆಗಾಲದಲ್ಲಿ ‘ಅನ್ನ, ಸಾರು, ಪಲ್ಯ’ ಎಂಬ ಉತ್ತರ ಬರುತ್ತದೆ. ಜನವರಿಯಲ್ಲಿ ಉತ್ತರ ಬದಲಾಗುತ್ತದೆ: ‘ಅಂಗಡಿಯ ಪೊರೋಟ’, ‘ಬಿಸ್ಕತ್ತು’, ‘ಅಮ್ಮ ಅಡುಗೆ ಮಾಡುವಷ್ಟರಲ್ಲಿ ನಿದ್ದೆ ಬಂತು’. ಮೂರನೆಯ ಉತ್ತರ ಕೊಟ್ಟ ಮಗು ಮೊದಲನೆಯ ಪೀರಿಯಡ್ಡಿನಲ್ಲೇ ತೂಕಡಿಸುತ್ತದೆ. ಅಪರೂಪಕ್ಕೊಮ್ಮೆ ಹೋಟೆಲಿನ ತಿಂಡಿ ತಂದರೆ ಕೇಡೇನೂ ಇಲ್ಲ. ಆದರೆ ವರ್ಷದ ಕಾಲುಭಾಗ ಶಾಲೆಯ ಮಧ್ಯಾಹ್ನದ ಊಟವೊಂದೇ ಮಗುವಿನ ಹೊಟ್ಟೆತುಂಬ ಊಟವಾಗುವುದು ನಾವು ಸುಮ್ಮನೆ ನೋಡುವ ವಿಷಯವಲ್ಲ.

ಬೇಗ ಆಗುವ ಅಡುಗೆಯೆಂದರೆ ಒಲೆಯ ಮುಂದೆ ಅವಸರಪಡುವ ಅಡುಗೆಯೆಂದು ಅನೇಕರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ರಾತ್ರಿಯ ಊಟ ಬೇಗ ಆಗಬೇಕಾದರೆ ಅದರ ಅರ್ಧ ಕೆಲಸ ಬೆಳಿಗ್ಗೆಯೇ ಮುಗಿದಿರಬೇಕು. ಉಳಿದರ್ಧ ಹಲವು ಕೈಗಳಿಗೆ ಹಂಚಿರಬೇಕು. ಹೊಸ ಪಾಕಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ಗಡಿಯ ಎರಡೂ ಕಡೆಯ ಮನೆಗಳಲ್ಲಿ ಈ ವಿದ್ಯೆ ಹಿಂದಿನಿಂದಲೂ ಇದೆ.

ಹೊತ್ತು ಮುಳುಗುವ ಮುನ್ನ

ವಯನಾಡಿನ ಜೈನ ಗೌಡ ಮನೆತನಗಳಲ್ಲಿ ಸೂರ್ಯಾಸ್ತದ ಅನಂತರ ಉಣ್ಣದಿರುವ ನಿಯಮ ಹಳೆಯದು. ಕಲ್ಪೆಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿ, ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಈ ಸಮಾಜದ ಪ್ರಾಚೀನತೆಗೆ ಸಾಕ್ಷಿಯಾಗಿವೆ. ಕೊಯ್ಲಿನ ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ಗಂಟೆಯ ಸುಮಾರಿಗೆ. ಜೂನ್ ತಿಂಗಳಲ್ಲಾದರೆ ಆರೂಮುಕ್ಕಾಲು ದಾಟುತ್ತದೆ. ಹೀಗೆ ಕೆಲಸ ಅತಿ ಹೆಚ್ಚಾಗಿರುವ ತಿಂಗಳಲ್ಲೇ ಊಟದ ಹೊತ್ತು ಅತಿ ಬೇಗ ಬರುತ್ತದೆ. ನಿಯಮ ಪಾಲಿಸುವ ಮನೆಗಳಲ್ಲಿ ಐದಕ್ಕೆ ತೋಟದಿಂದ ಬಂದು ಆರರೊಳಗೆ ಎಲೆ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳೂ ವರ್ಜ್ಯ.

ಇಷ್ಟು ಕಟ್ಟುಪಾಡಿನ ನಡುವೆಯೂ ನಡೆಯುವ ಅಡುಗೆಯೆಂದರೆ ಹೆಸರುಬೇಳೆಯ ಹುಗ್ಗಿ. ಒಂದು ಪಾವು ಬೆಳ್ತಿಗೆ ಅಕ್ಕಿಗೆ ಅರ್ಧ ಪಾವಿನಿಂದ ಒಂದು ಪಾವಿನವರೆಗೆ ಬೇಳೆ. ಬೇಳೆಯನ್ನು ಬೆಳಿಗ್ಗೆಯೇ ಘಮ ಬರುವಂತೆ ಹುರಿದು ಅಕ್ಕಿಯೊಡನೆ ಬೆರೆಸಿ ಡಬ್ಬಿಯಲ್ಲಿಟ್ಟರೆ ಸಂಜೆ ತೊಳೆದು ಕುಕ್ಕರಿಗೆ ಹಾಕುವುದಷ್ಟೇ ಉಳಿಯುತ್ತದೆ. ತುಪ್ಪದಲ್ಲಿ ಜೀರಿಗೆ, ನಮ್ಮ ತೋಟದ ಕರಿಮೆಣಸು, ಕರಿಬೇವಿನ ಒಗ್ಗರಣೆ. ಹಸಿಶುಂಠಿಯ ಬದಲು ಚಿಟಿಕೆ ಒಣಶುಂಠಿಯ ಪುಡಿ. ಮೇಲೆ ಹಿಡಿ ಕಾಯಿತುರಿ. ಅಕ್ಕಿ ಮತ್ತು ಬೇಳೆ ಕೂಡಿದಾಗ ಒಂದರಲ್ಲಿ ಕೊರತೆಯಾಗುವ ಸಸಾರಜನಕದ ಅಂಶವನ್ನು ಮತ್ತೊಂದು ತುಂಬುವುದರಿಂದ ಬೆಳೆಯುವ ಮಕ್ಕಳಿಗೆ ಇದು ಉತ್ತಮ ಆಹಾರ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ.

ಕುಕ್ಕರಿನ ಉಪಯೋಗ ನಮ್ಮಂತಹ ಬೆಟ್ಟದ ನಾಡಿನವರಿಗೆ ಇನ್ನೂ ಹೆಚ್ಚು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಒತ್ತಡದಿಂದ ಉಷ್ಣತೆ 120 ಡಿಗ್ರಿಯವರೆಗೆ ಏರುತ್ತದೆ. ಇನ್ನೊಂದು ಮಾತು: ಹುಣಿಸೆಹುಳಿಯನ್ನು ಕಾಳು ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಕಾಳು ಮೆತ್ತಗಾಗಲು ತಡವಾಗುತ್ತದೆ.

ಗುಂಡ್ಲುಪೇಟೆಯ ಕಡೆಯ ಉಪ್ಪುಸಾರು

ಗಡಿಯಾಚೆಯ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಯ ರೈತರ ಮನೆಗಳಲ್ಲಿ ಉಪ್ಪುಸಾರು, ಮುದ್ದೆ ದಿನನಿತ್ಯದ ಊಟ. ಹೊಲದಿಂದ ದಣಿದು ಬಂದವರು ಕಂಡುಕೊಂಡ ಅಡುಗೆ ಇದು. ಕಾಳನ್ನೂ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ. ಉಳಿದ ಕಾಳುಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದೇ ಬೆಂಕಿಗೆ ಎರಡು ಪದಾರ್ಥ. ಸಾರಿಗೆ ರುಚಿ ಕೊಡುವುದು ಬೇರೆಯಾಗಿ ಅರೆದಿಟ್ಟ ಖಾರ: ಮೆಣಸಿನಕಾಯಿ, ಜೀರಿಗೆ, ಕರಿಮೆಣಸು, ಬೆಳ್ಳುಳ್ಳಿ, ಹುಣಿಸೆ, ಉಪ್ಪು. ಕಾಯಿ ಹಾಕದೆ ಅರೆದ ಈ ಖಾರವನ್ನು ತಣ್ಣಗಿನ ಜಾಗದಲ್ಲಿಟ್ಟರೆ ಕೆಲವು ದಿನ ಕೆಡುವುದಿಲ್ಲ. ಭಾನುವಾರ ಅರೆದರೆ ವಾರದ ನಡುವಿನ ಎರಡು ಮೂರು ರಾತ್ರಿಗಳಿಗೆ ಒರಳಿನ ಕೆಲಸವೇ ಇಲ್ಲ. ಉಣ್ಣುವವರು ತಮಗೆ ಬೇಕಾದಷ್ಟು ಖಾರವನ್ನು ಬಟ್ಟಲಿನಲ್ಲಿ ಕಲಸಿಕೊಳ್ಳುವುದರಿಂದ ಮಕ್ಕಳಿಗೆಂದು ಬೇರೆ ಸಾರು ಮಾಡಬೇಕಾಗಿಲ್ಲ.

ಹುರುಳಿ, ಅಲಸಂದೆಗಳನ್ನು ಬೆಳಿಗ್ಗೆ ತೋಟಕ್ಕೆ ಹೊರಡುವಾಗ ನೀರಿನಲ್ಲಿ ಹಾಕಿ ಹೋದರೆ ಸಂಜೆಗೆ ಬೇಗ ಬೇಯುತ್ತವೆ. ಈ ಕೆಲಸಕ್ಕೆ ಬೇಕಾಗುವುದು ಒಂದು ನಿಮಿಷ. ಉಳಿಯುವುದು ಅರ್ಧ ಗಂಟೆ. ರಾಗಿಮುದ್ದೆಗೆ ಒಂದು ಪಾವು ಹಿಟ್ಟಿಗೆ ಎರಡು ಪಾವು ನೀರು ಲೆಕ್ಕ. ಕಾಲು ಗಂಟೆಯ ಕೆಲಸ. ಮುದ್ದೆ ಒಗ್ಗದವರು ಅದೇ ಸಾರಿಗೆ ಅನ್ನ ಮಾಡಿಕೊಳ್ಳಬಹುದು.

ತರಕಾರಿಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ನಮ್ಮ ಪೇಟೆಗಳಿಗೆ ತರಕಾರಿ ಬಹುಪಾಲು ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಬರುತ್ತದೆ. 2009ರಿಂದ ಆ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ, ಕೆಲವು ಬಸ್ಸು ಹಾಗೂ ತುರ್ತು ವಾಹನಗಳ ಹೊರತು, ಸಂಚಾರ ನಿಷಿದ್ಧ. ಕೊಯ್ಲಿನ ಸಂಜೆ ಪೇಟೆಗೆ ಹೋಗಿ ತರಕಾರಿ ತರುವ ಯೋಚನೆಯನ್ನೇ ಬಿಟ್ಟು, ಹಿತ್ತಲನ್ನು ನಂಬುವುದು ಜಾಣತನ. ನುಗ್ಗೆಸೊಪ್ಪು, ಹರಿವೆ, ಬಸಳೆ, ಬಾಳೆಕಾಯಿ, ಪಪಾಯಿಕಾಯಿ ಯಾವ ಮನೆಯ ಹಿಂದೆ ಬೆಳೆಯದು? ನಾಲ್ಕೈದು ಬಗೆಯ ಸೊಪ್ಪು ಸೇರಿದ ಬೆರಕೆಸೊಪ್ಪು ಉಪ್ಪುಸಾರಿಗೆ ಅತ್ಯಂತ ಒಪ್ಪುತ್ತದೆ. ಕಾಡಿನ ಸೊಪ್ಪುಗಳನ್ನು ಗುರುತಿಸುವುದರಲ್ಲಿ ಇಲ್ಲಿನ ಆದಿವಾಸಿ ತಾಯಂದಿರನ್ನು ಮೀರಿಸುವವರಿಲ್ಲ. ಅವರನ್ನು ಕೇಳಿ ಕಲಿಯುವುದು ನಮಗೆ ಗೌರವವೇ ಹೊರತು ಕುಂದಲ್ಲ.

ಬೆಂಕಿ ಆರಿದ ಮೇಲೆ ಬೇಯುವ ಅನ್ನ

ಕುಸುಬಲಕ್ಕಿಯ ಅನ್ನವೇ ಆಗಬೇಕೆನ್ನುವ ಮನೆಗಳಿಗೆ ತೊಡಕು ಬೇರೆ. ಈ ಅಕ್ಕಿ ತೆರೆದ ಪಾತ್ರೆಯಲ್ಲಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಸೌದೆಯೋ ಗ್ಯಾಸೋ ಉರಿಯಬೇಕು, ಒಬ್ಬರು ಕಾವಲಿರಬೇಕು. ಇದಕ್ಕೆ ಕೇರಳದಲ್ಲಿ ಒಳ್ಳೆಯ ಪರಿಹಾರವಿದೆ. 1962ರಲ್ಲಿ ಸ್ಥಾಪನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರ ದಶಕದಲ್ಲಿ ಹೊಗೆಯಿಲ್ಲದ ಒಲೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಅದೇ ಪರಿಷತ್ತು ಜನಪ್ರಿಯಗೊಳಿಸಿದ ಇನ್ನೊಂದು ಸಾಧನ ‘ಚೂಡಾರಾಪ್ಪೆಟ್ಟಿ’, ಅಂದರೆ ಬಿಸಿ ಆರದ ಪೆಟ್ಟಿಗೆ. ಒಳಗೆ ದಪ್ಪನೆಯ ಥರ್ಮೊಕೋಲ್ ಹೊದಿಸಿದ ಸಾದಾ ಪೆಟ್ಟಿಗೆ ಅದು. ಅಕ್ಕಿಯನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ, ಹೊರಗೆ ಹೋಗಲಾರದ ಕಾವಿನಲ್ಲೇ ಅನ್ನ ಒಂದು ಒಂದೂವರೆ ಗಂಟೆಯಲ್ಲಿ ಬೇಯುತ್ತದೆ. ಅಷ್ಟರಲ್ಲಿ ಕಣ ಮುಚ್ಚಬಹುದು, ಹಾಲು ಕರೆಯಬಹುದು, ಸ್ನಾನ ಮಾಡಬಹುದು. ಒಲೆಯ ಮುಂದೆ ಯಾರೂ ನಿಲ್ಲಬೇಕಾಗಿಲ್ಲ. ಮಹಾಯುದ್ಧಗಳ ಕಾಲದಲ್ಲಿ ಇಂಧನದ ಅಭಾವದಿಂದ ಯೂರೋಪಿನ ಗೃಹಿಣಿಯರು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹೀಗೆಯೇ ಅಡುಗೆ ಮಾಡುತ್ತಿದ್ದರು.

ಪೆಟ್ಟಿಗೆ ಇಲ್ಲದವರು ದೊಡ್ಡ ಬಿದಿರಿನ ಕುಕ್ಕೆಗೆ ಒಣಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಮಾಡಿ, ಮೇಲೆ ಹಳೆಯ ಕಂಬಳಿ ಹೊದಿಸಬಹುದು. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ನಡುವೆ ತೆರೆದು ನೋಡಬಾರದು. ಬೆಳಿಗ್ಗೆ ಇಟ್ಟದ್ದನ್ನು ರಾತ್ರಿಗೆ ಉಣ್ಣಬಾರದು. ಉಗುರುಬೆಚ್ಚಗಾದ ಅನ್ನ ಹೊತ್ತುಗಟ್ಟಲೆ ನಿಂತರೆ ಕೆಡುತ್ತದೆ. ನೀರು ಹೆಚ್ಚಿಟ್ಟರೆ ಅದೇ ಗಂಜಿ. ಜೊತೆಗೆ ಬೇಯಿಸಿದ ಹೆಸರುಕಾಳು, ಸುಟ್ಟ ಒಣಮೆಣಸಿನಕಾಯಿಯ ಕಾಯಿಚಟ್ನಿ, ಹಪ್ಪಳ. ಕೇರಳದ ಶಾಲೆಗಳಲ್ಲಿ 1980ರ ದಶಕದಿಂದ ಒಂದು ತಲೆಮಾರೇ ಗಂಜಿ ಮತ್ತು ಹೆಸರುಕಾಳನ್ನು ಉಂಡು ಬೆಳೆದಿದೆ. ಅದನ್ನು ಬಡವರ ಊಟವೆಂದು ಹೀಗಳೆಯುವುದು ಅರಿವಿಲ್ಲದವರ ಮಾತು.

ಇದು ಯಾರ ಕೆಲಸ?

ಇಷ್ಟೆಲ್ಲ ಉಪಾಯ ಹೇಳಿದ ಮೇಲೆಯೂ ಒಂದು ಮಾತು ಉಳಿಯುತ್ತದೆ. ಎಷ್ಟೇ ಸುಲಭವಾದ ಅಡುಗೆಯಾದರೂ ತೋಟದಿಂದ ಎಲ್ಲರೊಡನೆ ಬಂದ ಹೆಂಗಸೊಬ್ಬಳೇ ಅದನ್ನು ಮಾಡಬೇಕಾದರೆ ಅದು ಅವಳಿಗೆ ಎರಡನೆಯ ಕೂಲಿಯೇ. ಭಾರತ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷ ಕೊಡುತ್ತಾರೆ. ತೊಡಗುವ ಗಂಡಸರು 97 ನಿಮಿಷ. ಗಂಡಸರಲ್ಲಿ ತೊಡಗುವವರೇ ನೂರಕ್ಕೆ ಇಪ್ಪತ್ತಾರು ಮಂದಿ ಮಾತ್ರ. ಈ ಅಂಕಿಗಳನ್ನು ಪ್ರತಿಯೊಬ್ಬ ಯಜಮಾನರೂ ಒಮ್ಮೆ ತಮ್ಮ ಮನೆಗೆ ಹೋಲಿಸಿ ನೋಡಿಕೊಳ್ಳಬೇಕು.

2024ರಲ್ಲಿ ಬಂದ ಕೇರಳದ ಮೂರನೆಯ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ ಅಡುಗೆಮನೆಯ ಚಿತ್ರವೊಂದಿದೆ. ತಾಯಿ ಅಡುಗೆಯಲ್ಲಿ ತೊಡಗಿದ್ದರೆ ತಂದೆ ತೆಂಗಿನಕಾಯಿ ತುರಿಯುತ್ತಿದ್ದಾನೆ. ಇಂತಹ ಪಾಠ ಮಕ್ಕಳಿಗೆ ಪುಸ್ತಕದಿಂದ ಅರ್ಧ ಬರುತ್ತದೆ; ಉಳಿದರ್ಧ ಮನೆಯಲ್ಲಿ ಕಂಡದ್ದರಿಂದ ಬರುತ್ತದೆ. ಚಿತ್ರದಲ್ಲಿ ತುರಿಯುವ ತಂದೆಯನ್ನು ನೋಡಿದ ಮಗು ಮನೆಯಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತ ತಂದೆಯನ್ನು ನೋಡಿದರೆ ಯಾವುದನ್ನು ನಂಬೀತು?

ಆದುದರಿಂದ ನಮ್ಮ ಸಲಹೆ ಇಷ್ಟು. ಕೊಯ್ಲು ಆರಂಭವಾಗುವ ಮೊದಲು ಮನೆಯವರೆಲ್ಲ ಒಂದು ಸಂಜೆ ಕುಳಿತು ಕೆಲಸ ಹಂಚಿಕೊಳ್ಳಲಿ. ಬೆಳಿಗ್ಗೆ ಕಾಳು ನೆನೆಹಾಕುವುದು ಅಜ್ಜಿಯ ಪಾಲು. ಶಾಲೆಯಿಂದ ಬಂದೊಡನೆ ಸೊಪ್ಪು ಬಿಡಿಸುವುದು, ಅಕ್ಕಿ ತೊಳೆಯುವುದು ಮಕ್ಕಳ ಪಾಲು. ಇದರಲ್ಲಿ ಗಂಡು ಹೆಣ್ಣು ಎಂಬ ಭೇದ ಬೇಡ. ಕಾಯಿ ತುರಿಯುವುದು, ಮುದ್ದೆ ತಿರುವುವುದು, ಪಾತ್ರೆ ತೊಳೆಯುವುದು ಯಜಮಾನರ ಪಾಲು. ಮುದ್ದೆ ತಿರುವಲು ತೋಳಿನ ಬಲ ಬೇಕಾಗುವುದರಿಂದ ಅದು ಅವರಿಗೆ ಸಲ್ಲುವ ಕೆಲಸವೇ ಆಗಿದೆ. ಒಗ್ಗರಣೆ, ಉಪ್ಪು ಹುಳಿಯ ಹದ ಗೃಹಿಣಿಯ ಕೈಯಲ್ಲಿರಲಿ. ಹೀಗೆ ನಡೆದರೆ ಏಳೂವರೆಯೊಳಗೆ ಊಟ ಮುಗಿದು, ಮಗು ಪಾಠ ಓದಿ, ಹೊತ್ತಿಗೆ ಮಲಗುತ್ತದೆ. ತಾಯಿಯೂ ಎಲ್ಲರೊಡನೆ ಕುಳಿತು ಬಿಸಿಯಾಗಿ ಉಣ್ಣುತ್ತಾಳೆ.