ತೊಗರಿ ಬೇರಿನ ಗಂಟಿನೊಳಗೆ ಇರುವವರು ಯಾರು?

ಗಾಳಿಯ ನೂರು ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ. ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಆ ಬಿಗಿತ ಬಿಡಿಸಿ ಅಮೋನಿಯ ತಯಾರಿಸುವುದು ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ ಗೊತ್ತು. ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿಸಿ, ಅದರೊಳಗೆ ನೆಲೆಸಿ ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳೇ ರೈಜೋಬಿಯಾ. ಗಿಡ ಅವಕ್ಕೆ ಆಹಾರ ಕೊಡುತ್ತದೆ, ಅವು ಗಿಡಕ್ಕೆ ಸಾರಜನಕ ಕೊಡುತ್ತವೆ. 1888ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ ಇವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಶಾಲೆಯ ಪುಸ್ತಕಗಳಲ್ಲಿ ಇಷ್ಟು ಇರುತ್ತದೆ.

ಓದುಗರು ಎಡವುವುದು ಇದರ ಮುಂದೆ. ರೈಜೋಬಿಯಂ ಎಂಬುದು ಒಂದೇ ಜೀವಿ, ಅದರ ಪ್ಯಾಕೆಟ್ ತಂದು ಯಾವ ಬೇಳೆಕಾಳಿನ ಬೀಜಕ್ಕೆ ಹಚ್ಚಿದರೂ ಆದೀತು ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಆದರೆ ಕಡಲೆಯ ಗಂಟಿನಲ್ಲಿರುವುದು ಮೀಸೋರೈಜೋಬಿಯಂ ಕುಲದ ಜೀವಿ. ತೊಗರಿ, ಹೆಸರು, ಉದ್ದು, ಅಲಸಂದೆ, ಹುರುಳಿ, ಶೇಂಗಾಗಳಲ್ಲಿ ಹೆಚ್ಚಾಗಿ ಕಾಣುವುದು ಬ್ರಾಡಿರೈಜೋಬಿಯಂ. ಸೋಯಾ ಅವರೆಯದೂ ಅದೇ ಕುಲ, ಪ್ರಭೇದ ಮಾತ್ರ ಸಾಮಾನ್ಯವಾಗಿ ಬೇರೆ. ಹುರುಳಿಕಾಯಿ, ಅಂದರೆ ಬೀನ್ಸ್, ನೆಚ್ಚಿಕೊಂಡಿರುವುದು ರೈಜೋಬಿಯಂ ಎಂಬ ನಿಜವಾದ ಕುಲವನ್ನು. ಕಡಲೆಗೆಂದು ತಯಾರಾದ ಪುಡಿಯನ್ನು ತೊಗರಿಗೆ ಹಚ್ಚಿ ಗಂಟು ಬರಲಿಲ್ಲವೆಂದರೆ ದೋಷ ಪುಡಿಯದಲ್ಲ.

1932ರಲ್ಲಿ ಅಮೆರಿಕದ ಫ್ರೆಡ್, ಬಾಲ್ಡ್ವಿನ್ ಮತ್ತು ಮೆಕಾಯ್ ಈ ಹೊಂದಾಣಿಕೆಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಉಷ್ಣವಲಯದ ಬಹುಪಾಲು ಕಾಳುಗಳು ಅಲಸಂದೆಯ ಗುಂಪಿಗೆ ಸೇರಿದವು. ಎಲ್ಲೂ ಹೊಂದದ್ದನ್ನು ತುಂಬುವ ಚೀಲದಂತಿತ್ತು ಆ ಗುಂಪು. ಅದರ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ತಟ್ಟೆಯಲ್ಲಿ ಬಹಳ ನಿಧಾನ ಬೆಳೆಯುತ್ತವೆ. ಚುರುಕಿನವು ಮೂರು-ನಾಲ್ಕು ದಿನಕ್ಕೆ ಕಣ್ಣಿಗೆ ಬಿದ್ದರೆ, ಇವು ವಾರ ಕಾಯಿಸುತ್ತವೆ. 1982ರಲ್ಲಿ ಜೋರ್ಡನ್ ಈ ನಿಧಾನಿಗಳಿಗಾಗಿ ಬ್ರಾಡಿರೈಜೋಬಿಯಂ ಎಂಬ ಬೇರೆ ಕುಲವನ್ನೇ ರಚಿಸಿದರು.

ಗಿಡಕ್ಕೆ ತನ್ನ ಜೊತೆಗಾರ ಸಿಕ್ಕುವ ಬಗೆ ಸ್ವಾರಸ್ಯದ್ದು. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಮಣ್ಣಿಗೆ ಸೂಸುತ್ತದೆ. ಬೆಳೆಯಿಂದ ಬೆಳೆಗೆ ಈ ಮಿಶ್ರಣ ಬೇರೆ. ಅದನ್ನು ಗುರುತಿಸಬಲ್ಲ ಬ್ಯಾಕ್ಟೀರಿಯಾ 'ನಾಡ್ ಫ್ಯಾಕ್ಟರ್' ಎಂಬ ಅಣುವನ್ನು ತಯಾರಿಸಿ ಉತ್ತರಿಸುತ್ತದೆ. ಅದರ ತುದಿಗಳಲ್ಲಿ ಅಂಟಿಕೊಂಡ ಚಿಕ್ಕ ಗುಂಪುಗಳು ತಳಿಯಿಂದ ತಳಿಗೆ ಬದಲಾಗುತ್ತವೆ, ಬೇರು ಈ ವ್ಯತ್ಯಾಸವನ್ನೂ ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಬೇರಿನ ರೋಮ ಸುರುಳಿ ಸುತ್ತಿ ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಳ್ಳುತ್ತದೆ. ಶೇಂಗಾ ಇಷ್ಟು ಉಪಚಾರ ಮಾಡುವುದಿಲ್ಲ: ಕವಲುಬೇರು ಹೊರಬರುವಾಗ ಉಂಟಾಗುವ ಬಿರುಕಿನಲ್ಲೇ ಬ್ಯಾಕ್ಟೀರಿಯಾ ನುಸುಳುತ್ತದೆ.

ಇಷ್ಟೊಂದು ಬಗೆ ಹುಟ್ಟಿದ್ದು ಹೇಗೆ? ಗಂಟು ಕಟ್ಟಿಸುವ ಮತ್ತು ಸಾರಜನಕ ಹಿಡಿಯುವ ವಂಶವಾಹಿಗಳು ಹಲವು ತಳಿಗಳಲ್ಲಿ ಒಂದೇ ಕಡೆ ಕಂತೆಯಾಗಿರುತ್ತವೆ, ಆ ಕಂತೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ನ್ಯೂಜಿಲೆಂಡಿನ ಒಂದು ಹೊಲದಲ್ಲಿ ಲೋಟಸ್ ಎಂಬ ಮೇವಿನ ಗಿಡದೊಂದಿಗೆ ಒಂದೇ ತಳಿಯನ್ನು ಬಿತ್ತಲಾಗಿತ್ತು. ಏಳು ವರ್ಷದ ನಂತರ ನೋಡಿದರೆ ಗಂಟುಗಳೊಳಗೆ ಬಗೆಬಗೆಯ ತಳಿಗಳಿದ್ದವು. ಅಲ್ಲಿನ ಮಣ್ಣಿನ ಸ್ಥಳೀಯ ಬ್ಯಾಕ್ಟೀರಿಯಾಗಳು ಆ ಕಂತೆಯನ್ನು ಪಡೆದು ಗಂಟು ಕಟ್ಟಲು ಕಲಿತಿದ್ದವು. 1995ರಲ್ಲಿ ಪ್ರಕಟವಾದ ಈ ಫಲಿತಾಂಶ ಕುಲದ ಹೆಸರನ್ನಷ್ಟೇ ನಂಬುವವರಿಗೆ ಸಾಕಷ್ಟು ಮುಜುಗರ ತಂದಿತು. ತೈವಾನಿನಲ್ಲಿ ಮುಟ್ಟಿದರೆ ಮುನಿಯ ಗಂಟಿನಿಂದ ಸಿಕ್ಕ ಕುಪ್ರಿಯಾವಿಡಸ್ ಎಂಬ ಬ್ಯಾಕ್ಟೀರಿಯಾ ಅಂತೂ ರೈಜೋಬಿಯಂಗೆ ಬಹಳ ದೂರದ ನೆಂಟ.

ಮಣ್ಣಿನ ಇಂಥ ಸ್ಥಳೀಯ ಬ್ಯಾಕ್ಟೀರಿಯಾಗಳಿಂದ ರೈತನಿಗೆ ಒಂದು ತೊಡಕಿದೆ. ಅಲಸಂದೆ, ಶೇಂಗಾ ಬಹುಕಾಲ ಬೆಳೆದ ನೆಲದಲ್ಲಿ ಬ್ರಾಡಿರೈಜೋಬಿಯಂ ಮೊದಲೇ ತುಂಬಿರುತ್ತದೆ. ಪ್ಯಾಕೆಟ್ಟಿನ ತಳಿ ಎಷ್ಟೇ ಸಮರ್ಥವಿದ್ದರೂ ಸಂಖ್ಯೆಯಲ್ಲಿ ಹೆಚ್ಚಿರುವ ಸ್ಥಳೀಯರನ್ನು ಹಿಂದಿಕ್ಕಿ ಬೇರು ತಲುಪಬೇಕು. ಸ್ಥಳೀಯರು ಗಂಟು ಕಟ್ಟುವುದರಲ್ಲಿ ಜಾಣರು, ಸಾರಜನಕ ಕೊಡುವುದರಲ್ಲಿ ಎಲ್ಲರೂ ಅಲ್ಲ. ಹಾಗಾಗಿ ಗಂಟುಗಳನ್ನು ಎಣಿಸುವುದಕ್ಕಿಂತ ಸೀಳಿ ನೋಡುವುದು ಮೇಲು. ಒಳಗೆ ನಸುಗೆಂಪಿದ್ದರೆ ಲೆಗ್‌ಹೀಮೋಗ್ಲೋಬಿನ್ ಎಂಬ ಕೆಂಪು ವರ್ಣಕ ಇದೆ, ಕೆಲಸ ನಡೆಯುತ್ತಿದೆ. ಬಿಳುಪಾಗಿ ಅಥವಾ ಹಸಿರಾಗಿದ್ದರೆ ನಡೆಯುತ್ತಿಲ್ಲ. ಬೆರಳಿಗೆ ಸುಲಭವಾಗಿ ಕಿತ್ತು ಬರದೆ ಬೇರೇ ಊದಿಕೊಂಡಿದ್ದರೆ ಅದು ಗಂಟುಬೇರಿನ ಜಂತುಹುಳುವಿನ ಕಾಟ. ಸಂತೋಷಪಡುವ ಮೊದಲು ಇದನ್ನು ಪರೀಕ್ಷಿಸಬೇಕು.

ಸೋಯಾ ಹೊಸದಾಗಿ ಬಂದ ನೆಲದ ಕಥೆ ಬೇರೆ. ಅದಕ್ಕೆ ಹೊಂದುವ ತಳಿ ಅಲ್ಲಿಲ್ಲದಿದ್ದರೆ ಬೀಜೋಪಚಾರದ ಲಾಭ ಸ್ಪಷ್ಟವಾಗಿ ಕಾಣುತ್ತದೆ. ನೈಜೀರಿಯದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಸಮಸ್ಯೆಯನ್ನು ತಿರುಗಿಸಿ ಹಿಡಿಯಿತು: ಬ್ಯಾಕ್ಟೀರಿಯಾ ಬದಲಿಸುವ ಬದಲು, ಆಫ್ರಿಕದ ಸ್ಥಳೀಯ ಬ್ರಾಡಿರೈಜೋಬಿಯಂ ಜೊತೆಗೇ ಹೊಂದಿಕೊಳ್ಳುವ ಸೋಯಾ ತಳಿಗಳನ್ನು ರೂಪಿಸಿತು. ಬೆಳೆಯತ್ತ ನೋಡಿದ ಈ ದಾರಿ ಹೆಚ್ಚು ಬುದ್ಧಿವಂತಿಕೆಯದು. ಯೂರಿಯಾ ಹೆಚ್ಚಾದರೆ ಮಾತ್ರ ಯಾವ ತಳಿಯೂ ಉಪಯೋಗಕ್ಕೆ ಬರದು. ಅದರಿಂದ ಬರುವ ನೈಟ್ರೇಟ್ ಕೈಗೆ ಸಿಗುವಾಗ ಗಿಡ ಗಂಟಿನ ಖರ್ಚಿಗೆ ಕೈಹಾಕುವುದಿಲ್ಲ.

ಕಲಬುರಗಿಯ ಕಪ್ಪುಮಣ್ಣಿನ ತೊಗರಿಯೊಳಗೆ, ಚಳ್ಳಕೆರೆಯ ಕೆಂಪುಮಣ್ಣಿನ ಶೇಂಗಾದೊಳಗೆ ಇರುವ ತಳಿಗಳನ್ನು ತಾಲ್ಲೂಕುವಾರು ಗುರುತಿಸಿ, ಬರದ ವರ್ಷದಲ್ಲೂ ಸಾರಜನಕ ಕೊಟ್ಟವನ್ನು ಆರಿಸಿಡುವ ಕೆಲಸಕ್ಕೆ ಕೃಷಿ ಪದವಿಯ ಹುಡುಗ ಹುಡುಗಿಯರು ಹೆಚ್ಚು ಸಂಖ್ಯೆಯಲ್ಲಿ ಬರಬೇಕು. ಶುರುಮಾಡಲು ಹೂ ಬಿಡುವ ಹೊತ್ತಿಗೆ ಹುಷಾರಾಗಿ ಅಗೆದು ತೆಗೆದ ಒಂದು ಗಿಡ ಮತ್ತು ಒಂದು ಬ್ಲೇಡು ಸಾಕು.